ಉಸಿರಿನ ಯಂತ್ರವೂ ವಿಮಾನ ಪ್ರಯಾಣವೂ



ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ಪದೇ ಪದೇ ನಿಲ್ಲುವವರಿಗೆ ವೈದ್ಯರು ಸಿ-ಪ್ಯಾಪ್ ಯಂತ್ರ ಕೊಡುತ್ತಾರೆ. ಗಾಳಿಯ ಒತ್ತಡದಿಂದ ಅದು ಉಸಿರಿನ ದಾರಿಯನ್ನು ತೆರೆದಿಡುತ್ತದೆ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಕೊಲ್ಲಿಯಲ್ಲಿರುವ ಮಕ್ಕಳ ಮನೆಗೆ ಹೊರಟಾಗ, ನಾಚಿಕೆಪಟ್ಟು ಅದನ್ನು ಬಿಟ್ಟುಹೋಗಬೇಡಿ. ಯಂತ್ರವಿಲ್ಲದ ರಾತ್ರಿ ಉಸಿರು ಮತ್ತೆ ನಿಲ್ಲತೊಡಗುತ್ತದೆ.

1. ಯಂತ್ರವನ್ನು ಕೈಚೀಲದಲ್ಲೇ ಒಯ್ಯಿರಿ. ನೀರಿನ ಡಬ್ಬಿಯನ್ನು ಬರಿದು ಮಾಡಿ ಒಣಗಿಸಿ.

2. ವೈದ್ಯರ ಪತ್ರ ಜೊತೆಗಿರಲಿ. ವಿಮಾನದೊಳಗೆ ಬಳಸುವುದಾದರೆ ಕಂಪೆನಿಗೆ ಮೊದಲೇ ತಿಳಿಸಿ.

3. ಬಿಡಿ ಲಿಥಿಯಂ ಬ್ಯಾಟರಿಯೂ ಕೈಚೀಲದಲ್ಲೇ ಇರಬೇಕು. 100ರಿಂದ 160 ವ್ಯಾಟ್-ಅವರ್‌ನದ್ದಾದರೆ ಕಂಪೆನಿಯ ಒಪ್ಪಿಗೆ ಬೇಕು.

4. ದುಬೈಯ ಪ್ಲಗ್ ಚೌಕ ಕಡ್ಡಿಯದು, ಅಡಾಪ್ಟರ್ ಒಯ್ಯಿರಿ.

5. ಪ್ರಯಾಣದಲ್ಲಿ ಮದ್ಯ ಬೇಡ. ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ.

ಉಸಿರು ದೇವರ ದಾನ. ಅದನ್ನು ಕಾಪಾಡುವುದರಲ್ಲಿ ನಾಚಿಕೆಯೇಕೆ?