ಹಾಯಿದೋಣಿಗೆ ಎಂಥ ಶೂ ಬೇಕು?

ಎನ್.ಸಿ.ಸಿ. ನೌಕಾ ವಿಭಾಗದಲ್ಲಿ ಹಾಯಿದೋಣಿ ತರಬೇತಿಗೆ ಹೆಸರು ಕೊಡಿ ಎಂದಾಗ ನಮ್ಮ ಒಬ್ಬ ಗೆಳೆಯ ಕೈ ಎತ್ತಲಿಲ್ಲ. ಈಜು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಯಾಕೆ ಎಂದು ಆಮೇಲೆ ಕೇಳಿದಾಗ, "ಅದಕ್ಕೆ ಬೇರೆಯೇ ಶೂ ಬೇಕಂತೆ. ಮೊಬೈಲ್‌ನಲ್ಲಿ ನೋಡಿದೆ, ಏಳು ಸಾವಿರ" ಎಂದ. ಅಂಥ ಶೂ ಇರುವುದು ನಿಜ. ಆದರೆ ಅದೇ ಬೇಕು ಎಂಬುದು ನಿಜವಲ್ಲ. ಈ ಲೇಖನ ಬರೆಯಲು ಅವನೇ ಕಾರಣ.

ಮೊದಲು ದೋಣಿಯ ವಿಷಯ. ಕೆಡೆಟ್‌ಗಳು ಕಲಿಯುವ ಎಂಟರ್‌ಪ್ರೈಸ್ ದೋಣಿ ಸುಮಾರು 4 ಮೀಟರ್ ಉದ್ದ. ಅದನ್ನು ಇಬ್ಬರು ನಡೆಸುತ್ತಾರೆ. ಗಾಳಿ ಬಂದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ಆಗ ಇಬ್ಬರೂ ಎದುರು ಬದಿಯ ಅಂಚಿನ ಮೇಲೆ ಕುಳಿತು, ಒಳಗಿರುವ ಪಟ್ಟಿಯ ಅಡಿಗೆ ಪಾದ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲಕ್ಕೆ ಚಾಚಬೇಕು. ದಿಕ್ಕು ಬದಲಾಯಿಸುವಾಗ ತಲೆ ಬಗ್ಗಿಸಿ, ಹಗ್ಗ ಕೈಯಲ್ಲಿ ಹಿಡಿದೇ, ಎರಡು ಮೂರು ಕ್ಷಣಗಳಲ್ಲಿ ಈ ಬದಿಯಿಂದ ಆ ಬದಿಗೆ ದಾಟಬೇಕು. ನೆಲ ಒದ್ದೆ, ಓರೆ, ಮೇಲಾಗಿ ಅಲುಗಾಡುತ್ತಿರುತ್ತದೆ. ಪಾದ ಜಾರಿದರೆ ಹಗ್ಗ ಕೈ ಬಿಡುತ್ತದೆ, ಇಲ್ಲವೇ ಮೊಣಕಾಲು ಮರಕ್ಕೆ ಬಡಿಯುತ್ತದೆ, ಇಲ್ಲವೇ ನಾವೇ ನೀರಿನಲ್ಲಿ.

ಒದ್ದೆ ನೆಲದ ಮೇಲೆ ಜಾರುವುದು ಯಾಕೆ? ಮಳೆಗಾಲದಲ್ಲಿ ವುಝೂ ಮಾಡುವ ಹೌಜ್ ಬಳಿ ನಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಾದಕ್ಕೂ ನೆಲಕ್ಕೂ ನಡುವೆ ನೀರಿನ ತೆಳುವಾದ ಪದರ ಉಳಿದುಬಿಡುತ್ತದೆ. ಆ ನೀರು ಪಕ್ಕಕ್ಕೆ ಹೋಗಿ ರಬ್ಬರ್ ನೇರವಾಗಿ ನೆಲವನ್ನು ಮುಟ್ಟಿದರೆ ಮಾತ್ರ ಹಿಡಿತ ಸಿಗುತ್ತದೆ. ಇಲ್ಲಿ ನಮ್ಮಲ್ಲಿ ಹಲವರು ಮಾಡುವ ತಪ್ಪೊಂದಿದೆ. ಬೆಟ್ಟ ಹತ್ತುವ ಶೂಗಳ ದಪ್ಪ ದಪ್ಪ ಗುಬ್ಬಿಗಳನ್ನು ನೋಡಿ, ಇದಕ್ಕೆ ಎಲ್ಲಿಯೂ ಹಿಡಿತ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇವೆ. ಮಣ್ಣಿನಲ್ಲಿ ಅದು ಸರಿ, ಗುಬ್ಬಿ ಮಣ್ಣಿನೊಳಗೆ ಇಳಿಯುತ್ತದೆ. ದೋಣಿಯ ನಯವಾದ ಫೈಬರಿನಲ್ಲಿ ಅದು ಎಲ್ಲಿಗೆ ಇಳಿಯಬೇಕು? ನಾಲ್ಕಾರು ಗುಬ್ಬಿಗಳ ತುದಿ ಮಾತ್ರ ನೆಲ ಮುಟ್ಟುತ್ತದೆ, ಉಳಿದ ಅಟ್ಟೆ ಗಾಳಿಯಲ್ಲಿರುತ್ತದೆ. ಸಾಲದ್ದಕ್ಕೆ ಗುಬ್ಬಿಗಳ ಸಂದಿನಲ್ಲಿ ದಡದ ಮರಳು ಸಿಕ್ಕಿಕೊಂಡು ಬಂದು ದೋಣಿಯ ಮೇಲ್ಮೈಯನ್ನು ಗೀರುತ್ತದೆ. ಹಿಮ್ಮಡಿ ಎತ್ತರವಿರುವ ಶೂ ಇನ್ನೂ ಕೆಟ್ಟದ್ದು. ವಾಲಿದ ನೆಲದಲ್ಲಿ ಕಣಕಾಲು ಮಡಚುತ್ತದೆ, ಹಿಮ್ಮಡಿ ಹಗ್ಗಕ್ಕೆ ತಗುಲುತ್ತದೆ. ಹಾಗಾಗಿ ಅಟ್ಟೆ ಪೂರ್ತಿ ಚಪ್ಪಟೆಯಾಗಿ, ಮೆತ್ತಗಿನ ರಬ್ಬರಿನದಾಗಿ, ಅದರಲ್ಲಿ ಸಣ್ಣ ಸಣ್ಣ ಸೀಳುಗಳಿರಬೇಕು. ಪಾದ ಬಾಗಿದಾಗ ಸೀಳು ತೆರೆದು ಅದರ ಅಂಚು ನೀರನ್ನು ಒರೆಸಿ ಹಾಕುತ್ತದೆ.

ಈ ಸೀಳುಗಳ ಕಥೆ ಬ್ಯುಸಿನೆಸ್ ಸ್ಟಡೀಸ್ ತರಗತಿಯಲ್ಲಿ ಹೇಳುವಂಥದ್ದು. ಅಮೆರಿಕದ ಪಾಲ್ ಸ್ಪೆರಿ ಎಂಬವರಿಗೆ ಹಾಯಿದೋಣಿಯ ಹುಚ್ಚು. ಒಮ್ಮೆ ಒದ್ದೆ ದೋಣಿಯಲ್ಲಿ ಜಾರಿ ನೀರಿಗೆ ಬಿದ್ದಿದ್ದರು. ಆಮೇಲೆ ಒಂದು ಚಳಿಗಾಲದಲ್ಲಿ ತಮ್ಮ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು ಅದರ ಪಾದ ಎತ್ತಿ ನೋಡಿದರಂತೆ. ಅಲ್ಲಿ ಬಿರುಕುಬಿರುಕಾದ ಗೆರೆಗಳಿದ್ದವು. ಅವರು ಚಾಕುವಿನಿಂದ ರಬ್ಬರಿನಲ್ಲಿ ಅಂಥದೇ ಗೆರೆಗಳನ್ನು ಕೊರೆದು ನೋಡಿ, ಕೊನೆಗೆ ಮೀನಿನ ಮುಳ್ಳಿನಂಥ ಅಂಕುಡೊಂಕು ವಿನ್ಯಾಸಕ್ಕೆ ಬಂದರು. 1935ರಲ್ಲಿ ಟಾಪ್‌ಸೈಡರ್ ಶೂ ಹುಟ್ಟಿತು. 1939ರಲ್ಲಿ ಅಮೆರಿಕದ ನೌಕಾಪಡೆ ಅದನ್ನು ತನ್ನವರಿಗೆ ಆರಿಸಿಕೊಂಡಿತು. ತಮಾಷೆ ಏನೆಂದರೆ, ರಬ್ಬರಿನಲ್ಲಿ ಸೀಳು ಮಾಡುವ ಉಪಾಯಕ್ಕೆ ಜಾನ್ ಸೈಪ್ ಎಂಬವರು 1920ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿಗೂ ಟಯರಿನ ಸಣ್ಣ ಸೀಳಿಗೆ ಸೈಪ್ ಎಂದೇ ಹೆಸರು. ಆದರೆ ದೋಣಿಯವರಿಗೆ ಅದನ್ನು ಶೂ ಮಾಡಿ ಮಾರಿದ್ದು ಸ್ಪೆರಿ.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ನಾಯಿಯಲ್ಲ. ಸ್ಪೆರಿಯವರ ಮೊದಲ ಶೂಗಳ ಮೇಲ್ಭಾಗ ಕ್ಯಾನ್ವಾಸ್, ಅಟ್ಟೆ ಬಿಳಿ ರಬ್ಬರ್. ಕಪ್ಪು ರಬ್ಬರ್ ದೋಣಿಯ ಮೇಲೆ ಗುರುತು ಬಿಡುತ್ತದೆಂದು ಬಿಳಿ. ಈಗ ಹೇಳಿ, ಚಪ್ಪಟೆ ಅಟ್ಟೆಯ, ಲೇಸು ಕಟ್ಟುವ ಬಿಳಿ ಕ್ಯಾನ್ವಾಸ್ ಶೂ ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಹೈಸ್ಕೂಲಿನಿಂದ ಶನಿವಾರ ಶನಿವಾರ ಹಾಕಿಕೊಂಡು ಬಂದ ಪಿ.ಟಿ. ಶೂ ಅದರ ಬಡ ತಮ್ಮನೇ.

ಎಲ್ಲ ಪಿ.ಟಿ. ಶೂ ಆಗುತ್ತದೆ ಎಂದು ಹೇಳುತ್ತಿಲ್ಲ. ಈಗ ಅಂಗಡಿಗಳಲ್ಲಿ ಪಿ.ವಿ.ಸಿ. ಅಟ್ಟೆಯವೇ ಹೆಚ್ಚು. ಅದು ಗಟ್ಟಿ, ಒದ್ದೆಯಾದರೆ ಗಾಜಿನಂತೆ ಜಾರುತ್ತದೆ. ಅಂಗಡಿಯಲ್ಲಿ ಹೆಬ್ಬೆರಳ ಉಗುರಿನಿಂದ ಅಟ್ಟೆಯನ್ನು ಒತ್ತಿ ನೋಡಿ. ರಬ್ಬರ್ ಸ್ವಲ್ಪ ಒಳಗೆ ಹೋಗಿ ಮತ್ತೆ ಏಳುತ್ತದೆ. ಪಿ.ವಿ.ಸಿ. ಸುಲಭವಾಗಿ ಒಳಗೆ ಹೋಗುವುದಿಲ್ಲ. ಶೂವನ್ನು ಎರಡೂ ಕೈಯಲ್ಲಿ ಬಾಗಿಸಿ, ಬೆರಳು ಬಾಗುವ ಜಾಗದಲ್ಲೇ ಅದೂ ಬಾಗಬೇಕು. ಮನೆಗೆ ತಂದ ಮೇಲೆ ಒದ್ದೆ ಟೈಲ್ಸ್ ಮೇಲೆ, ಗೋಡೆ ಹಿಡಿದುಕೊಂಡು, ಒಂದು ಪಾದವನ್ನು ನಿಧಾನಕ್ಕೆ ತಳ್ಳಿ ನೋಡಿ. ಸುಲಭವಾಗಿ ಜಾರಿದರೆ ಅದು ಪಿ.ಟಿ.ಗೇ ಇರಲಿ. ಹಳೆಯ ಶೂ ಆದರೆ ಅಟ್ಟೆಯ ಗೆರೆಗಳು ಸವೆದಿಲ್ಲವೇ ನೋಡಿಕೊಳ್ಳಿ. ನನ್ನ ಅಣ್ಣನಿಂದ ನನಗೆ ಬಂದ ಜೋಡಿ ಬಂಗಡೆ ಮೀನಿನ ಹೊಟ್ಟೆಯಷ್ಟು ನಯವಾಗಿತ್ತು, ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ಮುನ್ನೂರೈವತ್ತು ರೂಪಾಯಿಯ ಹೊಸ ಜೋಡಿ ತಂದೆ. ಅಳತೆಯ ವಿಷಯದಲ್ಲಿ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೊಡಿಸುವ ನಮ್ಮ ಮನೆಗಳ ಪದ್ಧತಿ ಇಲ್ಲಿ ಬೇಡ. ಒದ್ದೆ ಕ್ಯಾನ್ವಾಸ್ ಸಡಿಲವಾಗಿದ್ದರೆ ಪಾದ ಒಳಗೇ ಜಾರಿ ಗುಳ್ಳೆ ಏಳುತ್ತದೆ.

ಹಾಗಾದರೆ ಬರಿಗಾಲೇ ಸಾಲದೇ, ನಮ್ಮ ಮೀನುಗಾರರು ಬರಿಗಾಲಲ್ಲೇ ಕೆಲಸ ಮಾಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅವರ ಪಾದ ಚಿಕ್ಕಂದಿನಿಂದ ಪಳಗಿದ್ದು. ನಮ್ಮದು ಹಾಗಲ್ಲ. ಚಿಕ್ಕ ದೋಣಿಯ ನೆಲದಲ್ಲಿ ಹಗ್ಗ ಬಿಗಿಯುವ ಲೋಹದ ಹಲ್ಲುಗಳು, ಕಪ್ಪಿಗಳು ಇರುತ್ತವೆ. ಕಾಲ್ಬೆರಳು ಅವಕ್ಕೆ ಬಡಿದರೆ ಕಣ್ಣಲ್ಲಿ ನೀರು ಬರುತ್ತದೆ. ದೋಣಿ ಇಳಿಸುವಾಗ ಅಳಿವೆಯ ಕೆಸರಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಅಲ್ಲಿ ಒಡೆದ ಚಿಪ್ಪುಗಳು ಬ್ಲೇಡಿನಂತಿರುತ್ತವೆ. ಇನ್ನು ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿದುಹೋಗುತ್ತದೆ.

ದೋಣಿ ಮಗುಚಿದಾಗ ಶೂವಿನ ನಿಜವಾದ ಪರೀಕ್ಷೆ. ಕಲಿಯುವವರ ದೋಣಿ ಮಗುಚುವುದು ಅಪರೂಪವೇನಲ್ಲ, ಅದನ್ನು ಎತ್ತುವುದೂ ಪಾಠದ ಭಾಗವೇ. ತಳದಿಂದ ಹೊರಚಾಚಿದ ಹಲಗೆಯ ಮೇಲೆ ಹತ್ತಿ ನಿಂತು, ದೋಣಿಯ ಅಂಚನ್ನೋ ಹಗ್ಗವನ್ನೋ ಹಿಡಿದು, ಮೈಭಾರವನ್ನು ಹಿಂದಕ್ಕೆ ಹಾಕಬೇಕು. ಆ ಹಲಗೆ ಅಗಲವಿಲ್ಲ, ಆಗಷ್ಟೇ ನೀರಿನಿಂದ ಎದ್ದದ್ದು. ಅಲ್ಲಿ ನಿಲ್ಲಲಾಗದಿದ್ದರೆ ಜೊತೆಗಾರನೂ ನೀರಿನಲ್ಲೇ ಕಾಯಬೇಕು. ಶೂಗೆ ನೀರು ತುಂಬಿದರೆ ಮುಳುಗಿಬಿಡುತ್ತೇವೆ ಎಂಬ ಹೆದರಿಕೆ ನನಗೂ ಇತ್ತು. ನೀರಿನೊಳಗೆ ನೀರಿಗೆ ಭಾರವಿಲ್ಲ, ಲೈಫ್ ಜಾಕೆಟ್ ನಮ್ಮನ್ನು ತೇಲಿಸುತ್ತದೆ. ಕಷ್ಟ ಆಗುವುದು ಮೇಲೆ ಹತ್ತುವಾಗ. ಬೂಟಿನಲ್ಲಿ ನಿಂತ ನೀರು ಆಗ ಕಾಲನ್ನು ಜಗ್ಗುತ್ತದೆ. ಕ್ಯಾನ್ವಾಸ್‌ನಿಂದ ನೀರು ಬೇಗ ಸೋರಿಹೋಗುತ್ತದೆ. ಲೇಸಿನ ತುದಿಗಳನ್ನು ಮಾತ್ರ ಶೂ ಒಳಗೆ ತುರುಕಿಡಿ, ಹೊರಗೆ ಜೋತುಬಿದ್ದರೆ ಪಾದದ ಪಟ್ಟಿಗೋ ಹಗ್ಗಕ್ಕೋ ಸಿಕ್ಕಿಕೊಳ್ಳುತ್ತದೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿ, ಅವನ ಪಿ.ಟಿ. ಶೂ ಅಟ್ಟೆಯನ್ನು ಕಾರಿಡಾರಿನಲ್ಲೇ ಉಗುರಿನಿಂದ ಒತ್ತಿ ನೋಡಿದೆವು. ಅದು ರಬ್ಬರೇ. ಮುಂದಿನ ತಂಡಕ್ಕೆ ಅವನ ಹೆಸರಿದೆ. ದೋಣಿಯಿಂದ ಬಂದ ಮೇಲೆ ಶೂವನ್ನು ಸಿಹಿನೀರಿನಲ್ಲಿ ತೊಳೆಯಬೇಕೆಂದು ಅವನಿಗೆ ಹೇಳಲು ಮರೆತಿದ್ದೆ, ಇಲ್ಲೇ ಹೇಳುತ್ತೇನೆ. ಉಪ್ಪು ಹಾಗೇ ಒಣಗಿದರೆ ಬಟ್ಟೆ ಗಡುಸಾಗಿ ಹಿಮ್ಮಡಿಯನ್ನು ಉಜ್ಜುತ್ತದೆ. ಬಿಸಿಲಿಗೆ ಇಡಬೇಡ, ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡು, ಬೆಳಿಗ್ಗೆ ಹಾಕಿಕೊಳ್ಳಬಹುದು.