‘ಜಾಗ ಇಲ್ಲ’ ಅಂದರೆ ಸರ್ವೆ ನಂಬರ್ ಮುಂದಿಡಿ

ಗ್ರಾಮಸಭೆಯಲ್ಲಿ ನಿವೇಶನದ ಮಾತೆತ್ತಿದರೆ ಬರುವ ಉತ್ತರ ಬಹುತೇಕ ಒಂದೇ: ‘ಅರ್ಜಿ ಕೊಟ್ಟಿರಿ, ಆದರೆ ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಸರ್ಕಾರಿ ಜಾಗವೇ ಇಲ್ಲ.’ ಅರ್ಜಿ ಕಡತ ಸೇರುತ್ತದೆ, ಮುಂದಿನ ವರ್ಷ ಇನ್ನೊಂದು ಅರ್ಜಿ. ಆದರೆ ಜಾಗ ಇದೆಯೋ ಇಲ್ಲವೋ ಹೇಳಬೇಕಾದ್ದು ಯಾರ ಬಾಯಿಮಾತೂ ಅಲ್ಲ, ಕಂದಾಯ ದಾಖಲೆ. ಅದನ್ನು ಯಾರು ಬೇಕಾದರೂ ನೋಡಬಹುದು. ‘ನಮಗೊಂದು ಸೈಟು ಕೊಡಿ’ ಎನ್ನುವ ಅರ್ಜಿಗಿಂತ ‘ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಇದೆ, ಅದನ್ನು ವಸತಿಗೆ ಕಾಯ್ದಿರಿಸಿ’ ಎನ್ನುವ ಅರ್ಜಿಯನ್ನು ಪಕ್ಕಕ್ಕಿಡುವುದು ಅಧಿಕಾರಿಗೆ ಕಷ್ಟ.

ಹುಡುಕಾಟ ಶುರುವಾಗಬೇಕಾದ್ದು ಗ್ರಾಮ ನಕಾಶೆ ಮತ್ತು ಪಹಣಿಯಿಂದ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಜಾಗದ ಮೇಲೆ ನಿಂತರೆ ಅದು ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. ಅಳತೆಗೆ ಅದನ್ನು ನಂಬಬೇಡಿ, ನಂಬರ್ ತಿಳಿಯಲು ಸಾಕು. ನಂತರ ಆ ನಂಬರಿನ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರಿನ ಜಾಗದಲ್ಲಿ ‘ಸರ್ಕಾರಿ’, ‘ಗೋಮಾಳ’, ‘ಕೆರೆ’, ‘ಸ್ಮಶಾನ’, ‘ಗುಂಡುತೋಪು’ ಎಂದೇನಾದರೂ ಇರುತ್ತದೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬನ್ನು ‘ಎ’ ಮತ್ತು ‘ಬಿ’ ಎಂದು ಬೇರೆ ಬೇರೆ ಬರೆದಿರುತ್ತಾರೆ. ‘ಎ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು, ಅದರ ಮೇಲೆ ಕಣ್ಣು ಹಾಕಬೇಡಿ.

ಎಷ್ಟು ಜಾಗ ಬೇಕೆಂಬ ಲೆಕ್ಕವೂ ಕೈಯಲ್ಲಿರಲಿ. ಒಂದು ಎಕರೆಗೆ 43,560 ಚದರಡಿ. ರಸ್ತೆ, ಚರಂಡಿ, ಬಯಲು ಎಂದು ಅರ್ಧದ ಹತ್ತಿರ ಹೋದರೂ 30x40 ಅಳತೆಯ ಸುಮಾರು 20 ನಿವೇಶನ ಸಿಗುತ್ತವೆ, 20x30 ಆದರೆ ಅದರ ಎರಡರಷ್ಟು. ನೂರು ಕುಟುಂಬಕ್ಕೆ ಐದೆಕರೆ ಕೇಳಿದರೆ ಅತಿಯಾಸೆ ಎನ್ನುವಂತಿಲ್ಲ.

ಎಲ್ಲರ ಕಣ್ಣು ಮೊದಲು ಬೀಳುವುದು ಗೋಮಾಳದ ಮೇಲೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 30 ಎಕರೆ ಹುಲ್ಲುಗಾವಲು ಉಳಿಯಬೇಕು. ಹಾಗಾಗಿ ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ಅಂಕಿ ತಂದು, ಗೋಮಾಳದ ವಿಸ್ತೀರ್ಣದ ಜೊತೆ ತಾಳೆ ನೋಡಿ. ಹೆಚ್ಚುವರಿ ಇದ್ದರೆ ಕೇಳಲು ನಿಮಗೆ ಬಲ ಬರುತ್ತದೆ. ಇಲ್ಲದಿದ್ದರೆ ದನ ಕಟ್ಟಿದವರ ಆಕ್ಷೇಪಣೆಗೆ ಉತ್ತರವಿರುವುದಿಲ್ಲ, ಊರಲ್ಲಿ ಜಗಳವೂ ಉಳಿಯುತ್ತದೆ.

ಕಾಗದದಲ್ಲಿ ಖಾಲಿ ಕಂಡ ಗೋಮಾಳ ನೆಲದ ಮೇಲೆ ಖಾಲಿ ಇರುವುದೂ ಅಪರೂಪ. ಯಾರೋ ರಾಗಿ ಬಿತ್ತಿರುತ್ತಾರೆ, ಬಗರ್‌ಹುಕುಂ ಸಕ್ರಮಕ್ಕೆ ನಮೂನೆ 50, 53 ಅಥವಾ 57ರಲ್ಲಿ ಅರ್ಜಿಯನ್ನೂ ಹಾಕಿರುತ್ತಾರೆ. ಆ ಅರ್ಜಿಗಳ ಸ್ಥಿತಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ಕೇಳಿ. ಮಲೆನಾಡಿನವರು ಆ ನಂಬರ್ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿದೆಯೇ ಎಂದೂ ನೋಡಬೇಕು. ಇದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ಕೆರೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ‘ಕೆರೆ ಬತ್ತಿ ಎಷ್ಟೋ ವರ್ಷವಾಯಿತು, ಈಗ ಸಮತಟ್ಟು ನೆಲ’ ಎಂದು ಪಂಚಾಯಿತಿಯವರೇ ಹಂಚಲು ಮುಂದಾಗುವುದುಂಟು. ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಹೀಗೆಯೇ ಆಗಿತ್ತು. ದಾಖಲೆಯಲ್ಲಿ ಹೊಂಡ ಎಂದಿದ್ದ ಜಾಗವನ್ನು ನಿವೇಶನವಾಗಿ ಹಂಚಿದ್ದರು, ಜನ ಮನೆಯನ್ನೂ ಕಟ್ಟಿದ್ದರು. 2001ರಲ್ಲಿ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆಯ ರದ್ದತಿಯನ್ನು ಎತ್ತಿಹಿಡಿದು, ಆರು ತಿಂಗಳಲ್ಲಿ ಜಾಗ ಬಿಡಬೇಕು, ಮನೆಯ ಸಾಮಗ್ರಿ ಬೇಕಾದರೆ ಕಿತ್ತುಕೊಂಡು ಹೋಗಬಹುದು ಎಂದಿತು. ಹಂಚಿದವರಿಗೆ ಏನೂ ಆಗಲಿಲ್ಲವೆಂದೇ ಇಟ್ಟುಕೊಂಡರೂ, ಸಾಲ ಮಾಡಿ ಗೋಡೆ ಎಬ್ಬಿಸಿದವರ ಗತಿ ಏನು?

ತಕ್ಕ ನಂಬರ್ ಸಿಕ್ಕಿತೆನ್ನಿ. ನಿವೇಶನ ರಹಿತರ ಪಟ್ಟಿಯ ಜೊತೆ ಅದನ್ನು ಗ್ರಾಮಸಭೆಯಲ್ಲಿ ಮಂಡಿಸಿ, ಠರಾವು ಬರೆಸಿ. ಠರಾವಿನಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಕುಟುಂಬಗಳ ಸಂಖ್ಯೆ ಮೂರೂ ಇರಲಿ, ನಕಲು ನಿಮ್ಮ ಕೈಗೆ ಬರಲಿ. ಆಮೇಲೆ ಕಡತ ತಹಶೀಲ್ದಾರರಿಗೆ ಹೋಗುತ್ತದೆ. ರೆವಿನ್ಯೂ ಇನ್ಸ್‌ಪೆಕ್ಟರ್ ಸ್ಥಳ ವರದಿ, ಸರ್ವೆಯರ್ ನಕ್ಷೆ, ಉಪವಿಭಾಗಾಧಿಕಾರಿಯ ಶಿಫಾರಸು ಆಗಿ ಕೊನೆಗೆ ಜಿಲ್ಲಾಧಿಕಾರಿಗಳು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಮಿನಡಿ ಜಾಗವನ್ನು ಕಾಯ್ದಿರಿಸುವ ಆದೇಶ ಹೊರಡಿಸಬೇಕು. ಕಡತ ಮಲಗುವುದು ಹೆಚ್ಚಾಗಿ ಸರ್ವೆಯರ್ ಮೇಜಿನ ಮೇಲೆ. ಸ್ಥಳ ತನಿಖೆಗೆ ಅವರು ಬರುವ ದಿನ ನಿಮ್ಮವರು ನಾಲ್ಕು ಜನ ಅಲ್ಲಿರಿ. ತಗ್ಗಿನಲ್ಲಿ ನೀರು ನಿಲ್ಲುತ್ತದೆಯೇ, ಹೈಟೆನ್ಷನ್ ತಂತಿ ಮೇಲೆ ಹಾದಿದೆಯೇ, ಬಸ್ಸಿಗೂ ಅಂಗನವಾಡಿಗೂ ಎಷ್ಟು ದೂರ ಎಂದು ವರದಿಯಲ್ಲಿ ಬರೆಸುವ ಅವಕಾಶ ಅದೊಂದೇ. ಊರಾಚೆ ಮೂರು ಮೈಲಿ ದೂರದ ಕಲ್ಲುಗುಡ್ಡದಲ್ಲಿ ಬಡಾವಣೆ ಮಾಡಿ, ಯಾರೂ ಹೋಗದೆ ಜಾಲಿ ಬೆಳೆದು ನಿಂತಿರುವುದನ್ನು ನೀವೂ ನೋಡಿರುತ್ತೀರಿ.

ಸರ್ಕಾರಿ ಜಾಗ ನಿಜಕ್ಕೂ ಇಲ್ಲವೇ? ಹಾಗಿದ್ದರೂ ದಾರಿ ಮುಚ್ಚಿಲ್ಲ. ಮಾಲೀಕರ ಒಪ್ಪಿಗೆಯ ಮೇಲೆ ಖಾಸಗಿ ಜಮೀನನ್ನು ಸರ್ಕಾರ ಖರೀದಿಸಬಹುದು. ನಿವೇಶನಕ್ಕೆಂದೇ ಭೂಸ್ವಾಧೀನ ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1972ರಿಂದ ಇದೆ. ದಲಿತರ ಮನೆಗಳಿಗಾಗಿ ತಮ್ಮ ಭೂಮಿ ಪಡೆದದ್ದನ್ನು ಪ್ರಶ್ನಿಸಿ ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋಗಿದ್ದ ಚಮೇಲಿ ಸಿಂಗ್ ಪ್ರಕರಣದಲ್ಲಿ, ಸೂರಿನ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ 1995ರ ಡಿಸೆಂಬರಿನಲ್ಲಿ ಹೇಳಿ ಸ್ವಾಧೀನವನ್ನು ಉಳಿಸಿತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲೂ ಭೂಮಿಯಿಲ್ಲದ ಫಲಾನುಭವಿಗೆ ಜಾಗ ಒದಗಿಸುವ ಹೊಣೆ ರಾಜ್ಯದ್ದೇ. ‘ಸೈಟಿಲ್ಲ, ಆದ್ದರಿಂದ ಮನೆಯಿಲ್ಲ’ ಎಂದು ಹೆಸರು ಕೈಬಿಟ್ಟರೆ ಇದನ್ನು ನೆನಪಿಸಿ.

ಬಾಯಿಮಾತಿನ ‘ಇಲ್ಲ’ವನ್ನು ಬರಹಕ್ಕಿಳಿಸುವುದು ಮಾಹಿತಿ ಹಕ್ಕು. ‘ನಮ್ಮ ಗ್ರಾಮದ ಎಲ್ಲ ಸರ್ಕಾರಿ ಸರ್ವೆ ನಂಬರ್, ವಿಸ್ತೀರ್ಣ, ಈವರೆಗೆ ಮಂಜೂರಾದ ಭಾಗದ ವಿವರ ಕೊಡಿ’ ಎಂದು ತಹಶೀಲ್ದಾರ್ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡುದಾರರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಉದ್ದನೆಯ ಗೋಳು ಬರೆದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ನೆರವು ಪಡೆಯಬಹುದು. ಹೋಗುವಾಗ ಠರಾವಿನ ನಕಲು, ಪಹಣಿ, ಮಾಹಿತಿ ಹಕ್ಕಿನ ಉತ್ತರ, ಈವರೆಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಇಷ್ಟನ್ನೂ ಒಯ್ಯಿರಿ. ಸೀಲಿಲ್ಲದ ಅರ್ಜಿಯ ನಕಲು ಇದ್ದರೂ ಇಲ್ಲದ ಹಾಗೆಯೇ.