ಬೀಜದ ಭ್ರೂಣವೂ ಮೊಟ್ಟೆಯ ಭ್ರೂಣವೂ

ಬಿತ್ತನೆಯ ಕಾಳು, ಕೋಳಿಸಾಕಣೆ, ದನಗಳ ತಳಿ ಮುಂತಾದ ವಿಷಯಗಳನ್ನು ಕುರಿತ ಪತ್ರಿಕೆಗಳಲ್ಲಿ “ಭ್ರೂಣ” ಎಂಬ ಶಬ್ದವು ಮೇಲಿಂದ ಮೇಲೆ ಕಾಣಬರುತ್ತದೆ. ಇದನ್ನು ಕೆಲವರು ಮೊಳಕೆಯೆಂದೂ, ಕೆಲವರು ಬಸಿರೆಂದೂ, ಮತ್ತೆ ಕೆಲವರು ಬೀಜವೆಂದೇ ತಿಳಿಯುವುದುಂಟು. ಈ ಮೂರೂ ಸರಿಯಲ್ಲ. ಬೀಜಕ್ಕೂ ಭ್ರೂಣಕ್ಕೂ ಇರುವ ಭೇದವನ್ನರಿಯದೆ ಬಿತ್ತನೆಯ ಕಾಳನ್ನು ಆರಿಸುವವನು, ದಪ್ಪವಾದ ಕಾಳೆಲ್ಲವೂ ಒಳ್ಳೆಯದೆಂದು ನಂಬಿ ಮೋಸಹೋಗುತ್ತಾನೆ.

ಗಂಡಿನ ಅಂಶವೂ ಹೆಣ್ಣಿನ ಅಂಶವೂ ಕೂಡಿ ಒಂದಾಗುವುದಕ್ಕೆ ಫಲೀಕರಣವೆಂದು ಹೆಸರು. ಹೀಗೆ ಕೂಡಿದುದರಿಂದ ಉಂಟಾದ ಒಂದೇ ಜೀವಕೋಶವು ಯುಗ್ಮಜವೆನಿಸುವುದು. ಅದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತ ಹೋಗುವುದು ಕೋಶವಿಭಜನೆ. ಈ ರೀತಿಯಾಗಿ ರೂಪುಗೊಳ್ಳುತ್ತ, ತಾಯಿಯ ಒಡಲಲ್ಲಾಗಲಿ, ಮೊಟ್ಟೆಯಲ್ಲಾಗಲಿ, ಬೀಜದಲ್ಲಾಗಲಿ ಇನ್ನೂ ಅಡಗಿರುವ ಎಳೆಯ ಜೀವಿಯೇ ಭ್ರೂಣ. ಇಷ್ಟರ ಮಟ್ಟಿಗೆ ಹಸುವಿಗೂ ಅವರೆಯ ಬಳ್ಳಿಗೂ ಭೇದವಿಲ್ಲ.

ಹಿದುಕಿದ ಬೇಳೆಯ ಸಾರು ಮಾಡುವ ಮನೆಗಳಲ್ಲಿ ಅವರೆಯ ಭ್ರೂಣವನ್ನು ಪ್ರತಿವರ್ಷವೂ ಕಾಣಬಹುದು. ಆದರೆ ಯಾರೂ ಅದನ್ನು ಲಕ್ಷಿಸುವುದಿಲ್ಲ. ನೆನೆದ ಕಾಳಿನ ಸಿಪ್ಪೆಯನ್ನು ತೆಗೆದು ಎರಡು ಹೋಳನ್ನೂ ಮೆಲ್ಲನೆ ಬಿಡಿಸಿದರೆ, ಒಂದು ಹೋಳಿನ ಅಂಚಿಗೆ ಹತ್ತಿಕೊಂಡು ಬಾಗಿದ ಸಣ್ಣ ತುಣುಕೊಂದು ಇರುತ್ತದೆ. ಅದರ ಚೂಪಾದ ತುದಿಯು ಬೇರಾಗತಕ್ಕ ಮೂಲಾಂಕುರ. ಹೋಳುಗಳ ನಡುವೆ ಹುದುಗಿರುವ ತುದಿಯು ಕುಡಿಯಾಗತಕ್ಕ ಕಾಂಡಾಂಕುರ. ದಪ್ಪನಾದ ಎರಡು ಹೋಳುಗಳು ಬೀಜದಳಗಳು. ಇವೂ ಭ್ರೂಣದ ಅಂಗಗಳೇ ಆದರೂ ಮುಖ್ಯವಾಗಿ ಎಳೆಯ ಗಿಡಕ್ಕೆ ಬುತ್ತಿಯಂತಿರುವುವು. ಕಾಳನ್ನು ಒಡೆದು ಬೇಳೆ ಮಾಡುವಾಗ ಆ ಸಣ್ಣ ತುಣುಕು ಕೆಟ್ಟುಹೋಗುವುದರಿಂದಲೇ ಬೇಳೆಯು ಮೊಳೆಯುವುದಿಲ್ಲ. ಹುಳು ಕೊರೆದ ಕಾಳಿನಲ್ಲಿ ಆ ತುಣುಕು ಉಳಿದಿದ್ದರೆ ಮೊಳಕೆ ಬರಬಹುದು. ಆದರೆ ಬುತ್ತಿ ಕಡಮೆಯಾದುದರಿಂದ ಸಸಿಯು ಬಡವಾಗುತ್ತದೆ.

ರಾಗಿ, ಭತ್ತ, ಮುಸುಕಿನ ಜೋಳಗಳ ರೀತಿ ಬೇರೆ. ಇವುಗಳ ಹಿಟ್ಟಿನ ಭಾಗವು ಭ್ರೂಣದ ಅಂಗವಲ್ಲ. ರಷ್ಯಾದ ಸಸ್ಯಶಾಸ್ತ್ರಜ್ಞ ನವಾಶಿನ್ ಎಂಬವರು 1898ರಲ್ಲಿ ತೋರಿಸಿಕೊಟ್ಟಂತೆ, ಹೂವಿನೊಳಗೆ ಫಲೀಕರಣವು ಎರಡು ಬಾರಿ ನಡೆಯುತ್ತದೆ. ಪರಾಗದಿಂದ ಬಂದ ಎರಡು ಗಂಡು ಅಂಶಗಳಲ್ಲಿ ಒಂದರಿಂದ ಭ್ರೂಣವೂ, ಇನ್ನೊಂದರಿಂದ ಅದಕ್ಕೆ ಆಹಾರವಾಗುವ ಭ್ರೂಣಪೋಷವೂ ಹುಟ್ಟುತ್ತವೆ. ಅವರೆಯಲ್ಲಿ ಈ ಭ್ರೂಣಪೋಷವು ಕಾಯಿ ಬಲಿಯುವಷ್ಟರಲ್ಲಿಯೇ ತೀರಿಹೋಗುತ್ತದೆ. ಜೋಳದಲ್ಲಿ ಕಾಳಿನ ಬಹುಭಾಗವೇ ಅದಾಗಿರುತ್ತದೆ. ತೆಂಗಿನಕಾಯಿಯ ತಿರುಳೂ ನೀರೂ ಭ್ರೂಣಪೋಷವೇ. ಅಷ್ಟು ದೊಡ್ಡ ಕಾಯಿಯ ಭ್ರೂಣವಾದರೋ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಕೆಳಗೆ ಅಡಗಿರುವ ಪುಟ್ಟ ಮೊಳೆಯಷ್ಟೆ. ಮುಸುಕಿನ ಜೋಳದಲ್ಲಿ ಕಾಳಿನ ಬುಡದ ಕಡೆ ಒಂದು ಮಗ್ಗುಲಲ್ಲಿ ಬೆಳ್ಳಗೆ ಕಾಣುವುದು ಭ್ರೂಣ. ಇಲಿಯು ಮೊದಲು ಆ ಜಾಗವನ್ನೇ ಕಚ್ಚುವುದುಂಟು. ಅಂಥ ಕಾಳು ನೋಟಕ್ಕೆ ಮುಕ್ಕಾಲು ಪಾಲು ಉಳಿದಿದ್ದರೂ ಬಿತ್ತನೆಗೆ ಸತ್ತಂತೆಯೇ ಸರಿ.

ಇನ್ನು ಕೋಳಿಯ ಮೊಟ್ಟೆ. ಇಟ್ಟ ಮೇಲೆ ಕಾವಿನಿಂದ ಜೀವ ಬರುವುದೆಂಬ ಮಾತು ತಪ್ಪು. ಫಲೀಕರಣವು ಕೋಳಿಯ ಒಡಲಿನಲ್ಲಿಯೇ ಆಗಿ, ಮೊಟ್ಟೆಯು ಹೊರಬೀಳುವುದರೊಳಗೆ ಸುಮಾರು ಒಂದು ದಿನದ ಕೋಶವಿಭಜನೆಯು ನಡೆದಿರುತ್ತದೆ. ಹಳದಿಯ ಮೇಲಿನ ಬಿಳಿಯ ಚುಕ್ಕೆಯೇ ಆ ಎಳೆಯ ಭ್ರೂಣ. ಹಳದಿಯು ಅದರ ಆಹಾರ. ತಂಪು ತಗಲಿದೊಡನೆ ಬೆಳವಣಿಗೆ ನಿಂತು, ಕಾವು ದೊರೆತಾಗ ಮತ್ತೆ ಮೊದಲಾಗುತ್ತದೆ. ಬೇಸಗೆಯ ಸೆಕೆಯಲ್ಲಿ ಅಡಿಗೆಮನೆಯ ಮೂಲೆಯಲ್ಲಿಟ್ಟ ಮೊಟ್ಟೆಯೊಳಗೆ ಭ್ರೂಣವು ಅರೆಬರೆಯಾಗಿ ಬೆಳೆದು ಸಾಯುವುದುಂಟು. ಆ ಬಳಿಕ ಹೇಂಟೆಯನ್ನು ಕೂರಿಸಿ 21 ದಿನ ಕಾದರೂ ಮರಿಯಾಗದು. ತಪ್ಪು ಮಾತ್ರ ಹೇಂಟೆಯ ಮೇಲೆ ಬೀಳುತ್ತದೆ. ಕಾವಿಗೆ ಇಡತಕ್ಕ ಮೊಟ್ಟೆಗಳನ್ನು ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗಾಗಿ ಕೂರಿಸತಕ್ಕದ್ದು.

ಕಾವಿನ ಮೊದಲ ದಿನಗಳಲ್ಲಿ ಭ್ರೂಣವು ಮೂರು ಪದರಗಳಾಗುತ್ತದೆ. ಇವು ಭ್ರೂಣಸ್ತರಗಳು. ಹೊರಪದರದಿಂದ ಚರ್ಮ, ಗರಿ, ಮಿದುಳು, ನರಗಳು. ನಡುಪದರದಿಂದ ಎಲುಬು, ಮಾಂಸ, ಹೃದಯ, ರಕ್ತ. ಒಳಪದರದಿಂದ ಕರುಳು, ಶ್ವಾಸಕೋಶಗಳ ಒಳಮೈ. ಮಿದುಳೂ ಗರಿಯೂ ಒಂದೇ ಪದರದ ಮಕ್ಕಳೆಂಬುದು ಸೋಜಿಗವಾದರೂ ನಿಜ. ಎರಡನೆಯ ದಿನದ ಸುಮಾರಿಗೆ ಹೃದಯವು ಮಿಡಿಯತೊಡಗುತ್ತದೆ. ಏಳನೆಯ ದಿನ ರಾತ್ರಿ ಕತ್ತಲೆಯ ಕೋಣೆಯಲ್ಲಿ ದೀಪಕ್ಕೆ ಅಡ್ಡಹಿಡಿದು ನೋಡಿದರೆ, ಜೇಡರಬಲೆಯಂತೆ ಹರಡಿದ ಕೆಂಪು ನರಗಳು ಕಾಣುವ ಮೊಟ್ಟೆಯಲ್ಲಿ ಜೀವವಿದೆ. ಬರಿದಾಗಿ ಬೆಳಗುವುದರಲ್ಲಿ ಇಲ್ಲ.

ಸಸ್ಯದ ಭ್ರೂಣದಲ್ಲಿ ಇಂಥ ಸ್ತರಗಳಿಲ್ಲ. ಮರಿಯ ಅಂಗಗಳೆಲ್ಲ ಭ್ರೂಣದಲ್ಲಿಯೇ ಮೈದೋರಿದರೆ, ಗಿಡವು ತನ್ನ ಎರಡು ಬೆಳೆಯುವ ತುದಿಗಳನ್ನು ಮಾತ್ರ ಇಟ್ಟುಕೊಂಡು, ಎಲೆ ಹೂಗಳನ್ನು ಆಯುಷ್ಯವಿರುವವರೆಗೂ ಹೊಸದಾಗಿ ಕಟ್ಟುತ್ತಿರುತ್ತದೆ.

ಹಸುವಿನ ಗರ್ಭವು ಸುಮಾರು 280 ದಿನಗಳದು. ಮೊದಲ ಆರು ವಾರಗಳವರೆಗೆ ಭ್ರೂಣವೆಂದೂ, ಅಂಗಗಳು ಗುರುತಿಗೆ ಬಂದ ತರುವಾಯ ಗರ್ಭಸ್ಥ ಶಿಶುವೆಂದೂ ಕರೆಯುವುದು ವಾಡಿಕೆ. ಮೊದಲಿನ ಮೂರು ವಾರ ಭ್ರೂಣವು ಗರ್ಭಕೋಶದ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಆಗ ಅದು ನಷ್ಟವಾದರೆ ಹೊರಗೆ ಏನೂ ಕಾಣದೆ, ಹಸುವು ಮರಳಿ ಬೆದೆಗೆ ಬಂದಾಗಲೇ ತಿಳಿಯುತ್ತದೆ. ಆದುದರಿಂದ ಹೋರಿಗೆ ಬಿಟ್ಟ ದಿನವನ್ನು ಬರೆದಿಟ್ಟುಕೊಂಡು, 18ರಿಂದ 24ನೆಯ ದಿನದವರೆಗೆ ಬೆಳಗು ಬೈಗು ಹಸುವನ್ನು ಗಮನಿಸತಕ್ಕದ್ದು.